ತಾಯಿಯ ಮನೆಯ ನಾಡು: ಪಶ್ಚಿಮ ಸುಮಾತ್ರ

ಇಂಡೊನೇಷ್ಯದ ಭಾಷೆಯಲ್ಲಿ ಗಂಡನಿಗೆ ‘ಸುಆಮಿ’ ಎಂದು ಹೆಸರು, ಹೆಂಡತಿಗೆ ‘ಇಸ್ತ್ರಿ’. ಒಂದು ನಮ್ಮ ‘ಸ್ವಾಮಿ’, ಇನ್ನೊಂದು ನಮ್ಮ ‘ಸ್ತ್ರೀ’ ಎಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಾಮಿ ಎಂದರೆ ಒಡೆಯ. ‘ಯಜಮಾನರು ಮನೆಯಲ್ಲಿಲ್ಲ’ ಎಂದು ನಮ್ಮ ಗೃಹಿಣಿಯರು ಹೇಳುವಾಗ ಯಾವ ಭಾವವಿದೆಯೋ ಆ ಭಾವವೇ ಆ ಮಾತಿನ ಹುಟ್ಟಿನಲ್ಲಿಯೂ ಅಡಗಿದೆ. ಆದರೆ ಅದೇ ದೇಶದಲ್ಲಿ ಒಂದು ಪ್ರಾಂತವುಂಟು. ಅಲ್ಲಿಯ ಹಳೆಯ ಕಟ್ಟಳೆಯಂತೆ ಈ ‘ಸ್ವಾಮಿ’ಗೆ ಹೆಂಡತಿಯ ಮನೆಯಲ್ಲಿ ಯಾವ ಒಡೆತನವೂ ಇಲ್ಲ. ಸಂಜೆಗೆ ಬಂದು, ಬೆಳಗಾದೊಡನೆಯೆ ತನ್ನ ತಾಯಿಯ ಮನೆಯ ಗದ್ದೆಯ ಕಡೆಗೆ ಹೊರಡುವ ಅತಿಥಿ ಅವನು. ಮನೆ ಹೆಂಡತಿಯದು, ಗದ್ದೆ ಅವಳ ತಾಯಿಯ ವಂಶದ್ದು, ಹುಟ್ಟಿದ ಮಕ್ಕಳು ಅವಳ ಕುಲದವರು. ಆ ಪ್ರಾಂತವೇ ಪಶ್ಚಿಮ ಸುಮಾತ್ರ. ಆ ಜನರೇ ಮಿನಾಂಗ್‌ಕಬಾವು ಜನ. ತಾಯಿಯ ಕಡೆಯಿಂದ ವಂಶವನ್ನೆಣಿಸುವ ಸಮಾಜಗಳಲ್ಲಿ ಲೋಕಕ್ಕೆಲ್ಲ ಇದೇ ಅತಿ ದೊಡ್ಡದೆಂದು ಪಂಡಿತರ ಅಭಿಪ್ರಾಯ.

ಮೊದಲು ನಾಡಿನ ನೆಲವನ್ನು ನೋಡೋಣ. ಸುಮಾತ್ರ ದ್ವೀಪದ ಪಡುವಣ ಅಂಚಿನಲ್ಲಿ ಹಿಂದೂ ಮಹಾಸಾಗರಕ್ಕೆ ಮುಖಮಾಡಿ ಈ ಪ್ರಾಂತ ಮಲಗಿದೆ. ವಿಸ್ತಾರ ಸುಮಾರು 42,000 ಚದರ ಕಿಲೋಮೀಟರು. ಎಂದರೆ ನಮ್ಮ ಕರ್ನಾಟಕದ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 55 ಲಕ್ಷ. ರಾಜಧಾನಿ ಪಾಡಾಂಗ್ ಕಡಲ ದಡದ ರೇವುಪಟ್ಟಣ. ಭೂಮಧ್ಯರೇಖೆ ಈ ಪ್ರಾಂತವನ್ನು ಸೀಳಿಕೊಂಡೇ ಹೋಗುತ್ತದೆ. ಬೊಂಜೊಲ್ ಎಂಬ ಊರಿನಲ್ಲಿ ಅದಕ್ಕೊಂದು ಗುರುತಿನ ಕಟ್ಟಡವೂ ಇದೆ. ಕಡಲಿನಿಂದ ಸ್ವಲ್ಪ ದೂರ ಹೋದೊಡನೆಯೆ ಬುಕಿತ್ ಬಾರಿಸಾನ್ ಪರ್ವತಶ್ರೇಣಿ ಎದ್ದು ನಿಲ್ಲುತ್ತದೆ. ಆ ಬೆಟ್ಟಗಳ ನಡುವಿನ ಎತ್ತರದ ಬಯಲೇ ಮಿನಾಂಗ್‌ಕಬಾವು ಜನರ ಮೂಲ ನೆಲೆ. ಅದನ್ನು ಅವರು ‘ದಾರೆಕ್’ ಎನ್ನುತ್ತಾರೆ. ಅಲ್ಲಿಂದ ಹರಡಿಹೋದ ಕರಾವಳಿ ಮತ್ತು ಹೊರ ಸೀಮೆಗಳು ‘ರಂತಾವು’. ಈ ಎರಡನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಕಡಲಿನಾಚೆಯ ಮೆಂತವಾಯ್ ದ್ವೀಪಗಳೂ ಇದೇ ಪ್ರಾಂತಕ್ಕೆ ಸೇರಿದ್ದರೂ ಅಲ್ಲಿಯ ಜನರ ಭಾಷೆ ಬೇರೆ, ಆಚಾರ ಬೇರೆ.

ನೆಲ ಫಲವತ್ತಾದದ್ದು, ಆದರೆ ಆ ಫಲವತ್ತತೆಗೆ ಬೆಲೆಯುಂಟು. ಬೆಟ್ಟಗಳಲ್ಲಿ ಹಲವು ಜ್ವಾಲಾಮುಖಿಗಳು. 2,891 ಮೀಟರು ಎತ್ತರದ ಮರಾಪಿ ಪರ್ವತದ ಬೂದಿಯೇ ಗದ್ದೆಗಳಿಗೆ ಗೊಬ್ಬರ. ಆ ಪರ್ವತವೇ 2023ರ ಡಿಸೆಂಬರಿನಲ್ಲಿ ಸಿಡಿದು, ಏರಲು ಹೋಗಿದ್ದ 24 ಮಂದಿಯನ್ನು ಬಲಿ ತೆಗೆದುಕೊಂಡಿತು. ಮನಿಂಜಾವು ಎಂಬ ಸುಂದರ ಸರೋವರ ಹಿಂದೆಂದೋ ಸಿಡಿದುಹೋದ ಅಗ್ನಿಪರ್ವತದ ಬಾಯಿಯಲ್ಲಿಯೇ ನಿಂತ ನೀರು. ಭೂಕಂಪಗಳೂ ಕಡಿಮೆಯಲ್ಲ. 2009ರ ಸೆಪ್ಟೆಂಬರ್ 30ರಂದು ಪಾಡಾಂಗ್ ಸುತ್ತಮುತ್ತ ನಡುಗಿದ ಭೂಮಿ ಸಾವಿರದ ನೂರಕ್ಕೂ ಹೆಚ್ಚು ಜನರನ್ನು ನುಂಗಿತು.

ಇಂಥ ನೆಲದಲ್ಲಿ ಈ ಜನ ಕಟ್ಟಿಕೊಂಡ ಮನೆಯನ್ನು ನೋಡಬೇಕು. ಅದಕ್ಕೆ ‘ರುಮಾ ಗಡಾಂಗ್’, ಎಂದರೆ ದೊಡ್ಡ ಮನೆ, ಎಂದು ಹೆಸರು. ಉದ್ದನೆಯ ಮರದ ಮನೆ. ಕಂಬಗಳ ಮೇಲೆ ನೆಲದಿಂದ ಎತ್ತರಕ್ಕೆ ಕಟ್ಟಿದ್ದು. ಕಂಬಗಳನ್ನು ನೆಲದಲ್ಲಿ ಹೂಳದೆ ಚಪ್ಪಟೆ ಕಲ್ಲುಗಳ ಮೇಲೆ ನಿಲ್ಲಿಸಿ, ಕೀಲುಗಳನ್ನು ಮರದ ಬೆಣೆಗಳಿಂದ ಬಿಗಿಯುತ್ತಾರೆ. ಭೂಮಿ ಅಲುಗಿದರೆ ಮನೆ ಅದರೊಡನೆ ತೂಗಾಡುತ್ತದೆ; ಮುರಿದು ಬೀಳುವುದು ಅಪರೂಪ. ಚಾವಣಿಯ ಎರಡು ತುದಿಗಳೂ ಮೇಲಕ್ಕೆ ಬಾಗಿ ಎಮ್ಮೆಯ ಕೊಂಬುಗಳಂತೆ ಆಕಾಶಕ್ಕೆ ಚುಚ್ಚಿಕೊಂಡಿರುತ್ತವೆ. ಅಂಗಳದಲ್ಲಿ ಅದೇ ಆಕಾರದ ಪುಟ್ಟ ಭತ್ತದ ಕಣಜಗಳು.

ಕೊಂಬಿಗೆ ಒಂದು ಕಥೆಯಿದೆ. ಹಿಂದೆ ಹೊರಗಿನ ರಾಜನೊಬ್ಬನ ಸೇನೆ ದಂಡೆತ್ತಿ ಬಂದಿತಂತೆ. ಜನರನ್ನು ಕೊಲ್ಲುವ ಬದಲು ಎರಡು ಕೋಣಗಳನ್ನು ಕಾದಾಡಿಸೋಣ ಎಂದು ಒಪ್ಪಂದವಾಯಿತು. ಬಂದವರು ಮಹಾಕಾಯದ ಕೋಣವನ್ನು ತಂದರು. ಇವರು ತಂದದ್ದು ಹಸಿದ ಎಳೆಗರುವನ್ನು. ಅದರ ಮೂತಿಗೆ ಹರಿತವಾದ ಅಲಗನ್ನು ಕಟ್ಟಿದ್ದರು. ಕರು ತಾಯಿಯೆಂದು ಭ್ರಮಿಸಿ ಹಾಲಿಗೆಂದು ಆ ಕೋಣದ ಹೊಟ್ಟೆಯಡಿ ನುಗ್ಗಿತು, ಕೋಣ ಸತ್ತುಬಿತ್ತು. ‘ಮಿನಾಂಗ್’ ಎಂದರೆ ಗೆಲುವು, ‘ಕಬಾವು’ ಎಂದರೆ ಎಮ್ಮೆ. ಹೆಸರಿಗಾಗಿ ಕಥೆ ಹುಟ್ಟಿತೋ, ಕಥೆಯಿಂದ ಹೆಸರು ಹುಟ್ಟಿತೋ ಎಂಬ ಸಂದೇಹ ಭಾಷಾಭ್ಯಾಸಿಗೆ ಬಾರದಿರದು. ಆದರೂ ತಾಯಿಯನ್ನು ಹುಡುಕಿ ಹೋದ ಕರುವೇ ನಾಡನ್ನು ಉಳಿಸಿತೆಂಬ ಮಾತು ಈ ಜನಕ್ಕೆ ಎಷ್ಟು ಒಪ್ಪುತ್ತದೆಂಬುದನ್ನು ನೀವೇ ನೋಡಿ.

ದೊಡ್ಡ ಮನೆಯ ಒಳಗೆ ಮುಂಭಾಗವೆಲ್ಲ ತೆರೆದ ಹಜಾರ. ಹಿಂಬದಿಯಲ್ಲಿ ಸಾಲಾಗಿ ಕೋಣೆಗಳು. ಮನೆಯ ಮದುವೆಯಾದ ಹೆಣ್ಣುಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಅಜ್ಜಿ, ಅವಳ ಹೆಣ್ಣುಮಕ್ಕಳು, ಅವರ ಮಕ್ಕಳು ಎಲ್ಲರೂ ಒಂದೇ ಸೂರಿನಡಿ. ಪೂರ್ವಿಕರಿಂದ ಬಂದ ಮನೆ, ಗದ್ದೆ, ಕೆರೆಗಳು ಇಡೀ ತಾಯಿವಂಶದ ಸೊತ್ತು. ತಾಯಿಯಿಂದ ಮಗಳಿಗೆ ಇಳಿಯತಕ್ಕದ್ದು. ಒಬ್ಬರು ಮಾರುವಂತಿಲ್ಲ. ಒತ್ತೆಯಿಡಲು ಕೂಡ ಹಳೆಯ ಕಟ್ಟಳೆ ನಾಲ್ಕೇ ಕಾರಣಗಳನ್ನು ಒಪ್ಪುತ್ತದೆ: ಮನೆಯಲ್ಲಿ ಹೆಣವಿದ್ದು ಸಂಸ್ಕಾರಕ್ಕೆ ಹಣವಿಲ್ಲದಿದ್ದರೆ, ಬೆಳೆದ ಹೆಣ್ಣಿನ ಮದುವೆ ನಿಂತಿದ್ದರೆ, ದೊಡ್ಡ ಮನೆ ಬೀಳುವಂತಾಗಿದ್ದರೆ, ಕುಲದ ಮುಖಂಡನಿಗೆ ಪಟ್ಟಕಟ್ಟಬೇಕಾಗಿದ್ದರೆ. ಕುಡಿತಕ್ಕಾಗಲಿ ಜೂಜಿಗಾಗಲಿ ಗದ್ದೆ ಹೋಗುವ ದಾರಿಯನ್ನೇ ಮುಚ್ಚಿಬಿಟ್ಟಿದ್ದರು.

ಹಾಗೆಂದ ಮಾತ್ರಕ್ಕೆ ಇದು ಹೆಣ್ಣಾಳಿಕೆಯ ರಾಜ್ಯವೆಂದು ತಿಳಿಯಬಾರದು. ಕುಲದ ಮುಖಂಡ ಗಂಡಸೇ; ಅವನಿಗೆ ‘ದಾತುಕ್’ ಎಂಬ ಬಿರುದು. ಆದರೆ ಆ ಬಿರುದು ತಂದೆಯಿಂದ ಮಗನಿಗೆ ಹೋಗದೆ, ಸೋದರಮಾವನಿಂದ ಸೋದರಿಯ ಮಗನಿಗೆ ಹೋಗುತ್ತದೆ. ಸೋದರಮಾವನಿಗೆ ಅವರು ‘ಮಾಮಕ್’ ಎನ್ನುತ್ತಾರೆ. ಕಿವಿಗೆ ನಮ್ಮ ‘ಮಾಮ’ನಂತೆಯೇ ಕೇಳಿಸುತ್ತದೆ. ಮಕ್ಕಳ ಶಿಕ್ಷಣ, ಮದುವೆ, ವ್ಯಾಜ್ಯ, ಆಸ್ತಿಯ ರಕ್ಷಣೆ ಎಲ್ಲ ಅವನ ಹೊಣೆ. ಗಂಡನಾದವನು ಮಾತ್ರ ಹಗುರ. ಸುಟ್ಟ ಮರದ ಬೊಡ್ಡೆಯ ಮೇಲಿನ ಬೂದಿಯಿದ್ದಂತೆ, ಗಾಳಿ ಬೀಸಿದರೆ ಹಾರಿಹೋಗುವವನು ಎಂದು ಅವರಲ್ಲೊಂದು ಗಾದೆಯೇ ಇದೆ. ಪರಿಯಾಮನ್ ಸೀಮೆಯಲ್ಲಿ ವರನನ್ನು ಕರೆತರಲು ಹೆಣ್ಣಿನ ಕಡೆಯವರೇ ಹಣ ತೆರುವ ರೂಢಿಯೂ ಇದೆ.

ಈ ಸಂಗತಿಗಳನ್ನು ಒಮ್ಮೆ ತರಗತಿಯಲ್ಲಿ ಹೇಳುತ್ತಿದ್ದಾಗ ಒಬ್ಬಳು ವಿದ್ಯಾರ್ಥಿನಿ ಎದ್ದುನಿಂತು, “ಹಾಗಾದರೆ ಸಾರ್, ಅಲ್ಲಿ ಹುಡುಗರು ಮಲಗುವುದೆಲ್ಲಿ?” ಎಂದಳು. ಉಳಿದವರು ನಕ್ಕರು. ಆದರೆ ಇಡೀ ಸಮಾಜದ ಬೀಗದ ಕೈ ಆ ಪ್ರಶ್ನೆಯಲ್ಲಿಯೇ ಇತ್ತು. ದೊಡ್ಡ ಮನೆಯಲ್ಲಿ ಬೆಳೆದ ಹುಡುಗನಿಗೆ ಕೋಣೆಯಿಲ್ಲ. ಏಳೆಂಟು ವರ್ಷ ತುಂಬಿದ ಮೇಲೆ ಅವನು ರಾತ್ರಿ ಮಲಗುತ್ತಿದ್ದುದು ‘ಸುರಾವು’ ಎಂಬ ಪ್ರಾರ್ಥನಾಮಂದಿರದಲ್ಲಿ. ಅಲ್ಲಿಯೇ ಕುರಾನಿನ ಪಾಠ, ಅಲ್ಲಿಯೇ ‘ಸೀಲೆಕ್’ ಎಂಬ ಮಲ್ಲವಿದ್ಯೆ, ಅಲ್ಲಿಯೇ ಮಾತಿನ ಚಾತುರ್ಯ. ಪ್ರಾಯಕ್ಕೆ ಬಂದ ಮೇಲೆ ಊರು ಬಿಟ್ಟು ‘ರಂತಾವು’ ಸೀಮೆಗೆ ಹೊರಡಬೇಕು. ವ್ಯಾಪಾರವನ್ನೋ ವಿದ್ಯೆಯನ್ನೋ ಸಂಪಾದಿಸಿ ಹೆಸರುಗಳಿಸಿ ಬರಬೇಕು. ಇದಕ್ಕೆ ‘ಮರಂತಾವು’ ಎಂದು ಹೆಸರು. ಇಂಡೊನೇಷ್ಯದ ಯಾವ ಪೇಟೆಗೆ ಹೋದರೂ ಪಾಡಾಂಗ್ ಊಟದ ಅಂಗಡಿ ಕಾಣಿಸುವುದಕ್ಕೆ ಇದೇ ಕಾರಣ. ತೆಂಗಿನ ಹಾಲಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಒಣಗಿಸಿದ ‘ರೆಂಡಾಂಗ್’ ಮಾಂಸ ಬಹುಕಾಲ ಕೆಡದೆ ಉಳಿಯುವ ದಾರಿಬುತ್ತಿ. ಮಲೇಷ್ಯದ ನೆಗರಿ ಸೆಂಬಿಲಾನ್ ರಾಜ್ಯದಲ್ಲಿ ನೆಲಸಿದ ಮಿನಾಂಗ್‌ಕಬಾವು ಜನ ತಾಯಿವಂಶದ ಕಟ್ಟಳೆಯನ್ನೂ ಜತೆಯಲ್ಲಿಯೇ ಒಯ್ದರು.

ಮನೆಯಲ್ಲಿ ಕೋಣೆಯಿಲ್ಲದ ಈ ಹುಡುಗರೇ ದೇಶಕ್ಕೆ ಮುಂದಾಳುಗಳಾದುದು ಇತಿಹಾಸದ ಸೋಜಿಗ. ಇಂಡೊನೇಷ್ಯದ ಮೊದಲ ಉಪರಾಷ್ಟ್ರಪತಿ ಮಹಮ್ಮದ್ ಹಟ್ಟಾ 1902ರಲ್ಲಿ ಬುಕಿಟ್ಟಿಂಗಿಯಲ್ಲಿ ಹುಟ್ಟಿದವರು. ಮೊದಲ ಪ್ರಧಾನಿ ಸುತಾನ್ ಶಹರೀರ್ ಇದೇ ನಾಡಿನ ಪಾಡಾಂಗ್ ಪಂಜಾಂಗ್ ಊರಿನವರು. 1927ರಲ್ಲಿ ಬ್ರಸೆಲ್ಸ್ ನಗರದಲ್ಲಿ ನಡೆದ ಸಾಮ್ರಾಜ್ಯಶಾಹಿ ವಿರೋಧಿ ಸಮ್ಮೇಳನದಲ್ಲಿ ಹಟ್ಟಾ ಮತ್ತು ಜವಾಹರಲಾಲ ನೆಹರೂ ಇಬ್ಬರೂ ಇದ್ದರು. 1947ರ ಜುಲೈ ತಿಂಗಳಲ್ಲಿ ಡಚ್ಚರ ಮುತ್ತಿಗೆಯ ನಡುವೆ ಶಹರೀರರನ್ನು ವಿಮಾನದಲ್ಲಿ ಭಾರತಕ್ಕೆ ಕರೆತಂದವರು ನಮ್ಮ ಬಿಜು ಪಟ್ನಾಯಕರು.

ಈಗ ಇನ್ನೊಂದು ವಿಸ್ಮಯ. ಈ ಜನ ನಿಷ್ಠಾವಂತ ಮುಸಲ್ಮಾನರು. ಅದಕ್ಕೂ ಹಿಂದಿನ ಪದರ ಒಂದಿದೆ. ಈ ಪ್ರಾಂತದ ಒಂದು ಜಿಲ್ಲೆಯ ಹೆಸರೇ ಧರ್ಮಾಶ್ರಯ. ಜಾವಾದ ಅರಸ ಕೃತನಗರನು 1286ರಲ್ಲಿ ಕಳುಹಿಸಿದ ಅಮೋಘಪಾಶ ಬೌದ್ಧ ವಿಗ್ರಹ ಅಲ್ಲಿ ದೊರೆಯಿತು. 1347ರಲ್ಲಿ ಆದಿತ್ಯವರ್ಮನೆಂಬ ಅರಸನು ಅದರ ಬೆನ್ನಿನ ಮೇಲೆ ಶಾಸನ ಕೆತ್ತಿಸಿದ. ಇಂದಿಗೂ ಗ್ರಾಮಕ್ಕೆ ಅವರು ‘ನಗರಿ’ ಎನ್ನುತ್ತಾರೆ. ಸ್ವತ್ತಿಗೆ ‘ಹರ್ತ’, ಎಂದರೆ ನಮ್ಮ ‘ಅರ್ಥ’. ಆಮೇಲೆ ಇಸ್ಲಾಂ ಬಂದಿತು. ಇಸ್ಲಾಮಿನ ಧರ್ಮಶಾಸ್ತ್ರದಂತೆ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಗೊತ್ತಾದ ಪಾಲುಂಟು. ತಾಯಿವಂಶದ ಕಟ್ಟಳೆಗೂ ಇದಕ್ಕೂ ಹೊಂದುವುದೆಂತು?

ಘರ್ಷಣೆ ನಡೆಯಿತು. 1803ರಲ್ಲಿ ಮೆಕ್ಕೆಯಿಂದ ಮರಳಿದ ಯಾತ್ರಿಕರು ಆಚಾರಗಳನ್ನು ಶುದ್ಧಿಗೊಳಿಸಬೇಕೆಂದು ಹೊರಟರು; ಅದು ಅಂತಃಕಲಹವಾಯಿತು. ಕುಲದ ಮುಖಂಡರು 1821ರಲ್ಲಿ ಡಚ್ಚರ ನೆರವು ಬೇಡಿದರು. ನೆರವಿಗೆ ಬಂದವರು ಒಡೆಯರಾಗಿ ನಿಂತರು. ಕಡೆಗೆ ಎರಡು ಪಕ್ಷದವರೂ ಕೂಡಿ ಡಚ್ಚರ ಮೇಲೆ ಕಾದಾಡಿದರೂ 1837ರಲ್ಲಿ ಬೊಂಜೊಲ್ ಕೋಟೆ ಬಿದ್ದಿತು. ಅದರ ನಾಯಕ ಇಮಾಮ್ ಬೊಂಜೊಲ್ ದೇಶಭ್ರಷ್ಟನಾಗಿ 1864ರಲ್ಲಿ ದೂರದ ಸುಲಾವೆಸಿಯಲ್ಲಿ ಮಡಿದ. ಆಮೇಲೂ ವಾದ ನಿಲ್ಲಲಿಲ್ಲ. ಮೆಕ್ಕೆಯಲ್ಲಿ ಇಮಾಮರಾಗಿದ್ದ ಇದೇ ನಾಡಿನ ಅಹಮದ್ ಖತೀಬರು ತಾಯಿವಂಶದ ಹಕ್ಕನ್ನು ಕಟುವಾಗಿ ಖಂಡಿಸಿ ಬರೆದರು.

ಕೊನೆಗೆ ಜನರೇ ಒಂದು ದಾರಿ ಕಂಡುಕೊಂಡರು. 1952ರಲ್ಲಿ ಬುಕಿಟ್ಟಿಂಗಿಯಲ್ಲಿ ಕುಲದ ಹಿರಿಯರೂ ಧರ್ಮಪಂಡಿತರೂ ಸೇರಿ ನಿರ್ಣಯಿಸಿದರು: ಪೂರ್ವಿಕರಿಂದ ಬಂದ ಹಿರಿಯ ಸೊತ್ತು ಕಟ್ಟಳೆಯಂತೆ ತಾಯಿಯ ವಂಶಕ್ಕೆ, ಗಂಡಹೆಂಡಿರು ತಾವೇ ದುಡಿದು ಗಳಿಸಿದ್ದು ಧರ್ಮಶಾಸ್ತ್ರದಂತೆ ಮಕ್ಕಳಿಗೆ. ಕಟ್ಟಳೆಗೆ ಧರ್ಮ ಆಧಾರ, ಧರ್ಮಕ್ಕೆ ದೇವರ ಗ್ರಂಥ ಆಧಾರ ಎಂಬುದು ಅವರ ನಿತ್ಯದ ಮಾತು. ಎರಡರಲ್ಲಿ ಒಂದನ್ನೂ ಬಿಡದೆ ಎರಡಕ್ಕೂ ಎಡೆಮಾಡಿದ್ದು ಅವರ ವಿವೇಕ.

ಬಾನುಲಿಯ ಕೇಳುಗರಾದ ನಿಮಗೆ ಅಲ್ಲಿಯ ನಾದದ ವಿಷಯವನ್ನೂ ಹೇಳಬೇಕು. ‘ಸಲುವಾಂಗ್’ ಎಂಬುದು ಬಿದಿರ ಕೊಳಲು. ನುರಿತವನು ಮೂಗಿನಿಂದ ಉಸಿರೆಳೆದುಕೊಳ್ಳುತ್ತಲೇ ಸ್ವರ ಕಡಿಯದಂತೆ ನುಡಿಸುತ್ತಾನೆ. ‘ತಾಲೆಂಪೊಂಗ್’ ಎಂಬುದು ಸಾಲಾಗಿಟ್ಟು ಬಾರಿಸುವ ಪುಟ್ಟ ಕಂಚಿನ ಜಾಗಟೆಗಳು. ‘ರಂಡಾಯ್’ ಎಂಬ ನಾಟ್ಯದಲ್ಲಿ ಆಟಗಾರರು ವರ್ತುಲವಾಗಿ ನಿಂತು, ಮಲ್ಲವಿದ್ಯೆಯ ಹೆಜ್ಜೆಯಿಡುತ್ತ, ಅಗಲವಾದ ಷರಾಯಿಯ ಬಟ್ಟೆಯನ್ನೇ ಮದ್ದಳೆಯಂತೆ ಬಡಿದು ತಾಳಹಾಕುತ್ತಾರೆ. ಹಿಂದೆ ನಮ್ಮ ಬಯಲಾಟದಲ್ಲಿದ್ದಂತೆ ಅಲ್ಲಿಯೂ ಹೆಣ್ಣು ವೇಷವನ್ನು ಗಂಡಸರೇ ಕಟ್ಟುತ್ತಿದ್ದರು. ಈಗ ಹೆಂಗಸರೂ ಆಡುತ್ತಾರೆ.

ನಮ್ಮ ತುಳುನಾಡಿನ ವಾಚಕರು ಇಷ್ಟರಲ್ಲಿಯೇ ‘ಇದು ನಮ್ಮ ಅಳಿಯಸಂತಾನವಲ್ಲವೆ?’ ಎಂದುಕೊಂಡಿರಬಹುದು. ಹೌದು, ಹೋಲಿಕೆ ಬಹಳ. ಎರಡಕ್ಕೂ ಒಂದೇ ಮೂಲವೆಂದು ಊಹಿಸಲು ಮಾತ್ರ ಆಧಾರವಿಲ್ಲ. ನಮ್ಮಲ್ಲಿ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಬಳಿಕ ಹಳೆಯ ಕಟ್ಟು ಇನ್ನಷ್ಟು ಸಡಿಲವಾಯಿತು. ಅಲ್ಲಿ ಕಟ್ಟಳೆ ಇನ್ನೂ ಉಸಿರಾಡುತ್ತಿದೆ. ಆದರೂ ಕಾಲ ಅಲ್ಲಿಯೂ ಸುಮ್ಮನಿಲ್ಲ. ಪೇಟೆಯಲ್ಲಿ ಗಂಡಹೆಂಡಿರು ಮಕ್ಕಳೊಡನೆ ಬೇರೆ ಮನೆ ಹೂಡುತ್ತಾರೆ. ಸೋದರಮಾವನ ಕೈಯಲ್ಲಿದ್ದ ಹೊಣೆ ತಂದೆಯ ಕೈಗೆ ಬಂದಿದೆ. ಹುಡುಗರು ಸುರಾವುಗಳಲ್ಲಿ ಮಲಗುವುದು ತಪ್ಪಿದೆ. ಎಷ್ಟೋ ದೊಡ್ಡ ಮನೆಗಳು ದುರಸ್ತಿಯಿಲ್ಲದೆ ಬಾಗಿವೆ. 1979ರ ಶಾಸನವೊಂದು ‘ನಗರಿ’ಗಳನ್ನೇ ಒಡೆದು ಬೇರೆ ಬಗೆಯ ಗ್ರಾಮಗಳನ್ನು ಮಾಡಿಸಿತು, 1999ರ ಅಧಿಕಾರ ವಿಕೇಂದ್ರೀಕರಣದ ಬಳಿಕವೇ ಅವು ಮರಳಿದುವು. ಪಗರುಯುಂಗ್‌ನಲ್ಲಿ ಹಳೆಯ ಮಾದರಿಯಲ್ಲಿ ಕಟ್ಟಿದ್ದ ಅರಮನೆ 2007ರಲ್ಲಿ ಸಿಡಿಲಿಗೆ ಸುಟ್ಟುಹೋದಾಗ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು.

ಯಾವ ಕಟ್ಟಳೆಯೂ ಎಲ್ಲರಿಗೂ ಸುಖ ಕೊಡದು. ಈ ಕಟ್ಟಳೆ ಹುಡುಗನಿಗೆ ಮನೆಯ ಕೋಣೆಯನ್ನು ಕೊಡದೆ ಹೊರಗಟ್ಟಿತು. ತಂದೆಗೆ ತನ್ನ ಮಕ್ಕಳ ಮೇಲೆ ಸಲ್ಲಬೇಕಾದ ಸಲಿಗೆಯನ್ನು ಬಹುಕಾಲ ತಡೆಹಿಡಿಯಿತು. ಇದನ್ನು ಮರೆಮಾಚಬಾರದು. ಆದರೆ ಒಂದನ್ನು ಅದು ಖಂಡಿತವಾಗಿ ಮಾಡಿತು: ಗಂಡ ಸತ್ತರೂ ಬಿಟ್ಟರೂ ಹೆಣ್ಣು ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬೀಳುವ ಪ್ರಮೇಯವನ್ನು ತಪ್ಪಿಸಿತು. ಅವಳ ಕೋಣೆ ಅವಳದೇ. ಕಣಜದ ಭತ್ತ ಅವಳದೇ. ಮುಪ್ಪಿನಲ್ಲಿ ತನಗೆ ಎಡೆಯೆಲ್ಲಿ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ನಮ್ಮ ಮನೆಗಳಲ್ಲಿ, ನಮ್ಮ ನೆರೆಯಲ್ಲಿ, ಹೀಗೆ ಕೇಳಬೇಕಾಗಿ ಬಂದ ತಾಯಂದಿರನ್ನು ನಾವೆಲ್ಲ ಕಂಡವರೇ ಅಲ್ಲವೆ? ಹರಡಿಕೊಂಡಿರುವ ಪ್ರಕೃತಿಯೇ ಗುರು ಎಂದು ಮಿನಾಂಗ್‌ಕಬಾವು ಜನರ ಗಾದೆ. ದೂರದ ನಾಡೂ ಒಮ್ಮೊಮ್ಮೆ ಗುರುವಾದೀತು. ಅವರ ಕಟ್ಟಳೆಯನ್ನು ನಾವು ತರಬೇಕಾಗಿಲ್ಲ; ಆ ವಿದ್ಯಾರ್ಥಿನಿ ಕೇಳಿದಂತೆ, ನಮ್ಮ ಕಟ್ಟಳೆಯಲ್ಲಿ ಯಾರಿಗೆ ಕೋಣೆಯಿಲ್ಲ ಎಂದು ಕೇಳಿಕೊಂಡರೆ ಸಾಕು.