ಊರಿನ ರೇಷ್ಮೆ, ಊರಿನ ಅರಗು

ಮಕ್ಕಳಿರುವ ಮನೆಗಳಲ್ಲಿ ‘ತಂತಿ ಮುಟ್ಟಬೇಡ’ ಎಂಬ ಎಚ್ಚರಿಕೆ ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಭಯವನ್ನು ಕಲಿಸುವ ನಾವು ಕಾರಣವನ್ನೂ ಕಲಿಸುತ್ತಿದ್ದೇವೆಯೇ? ಪ್ರೌಢಶಾಲೆಯಲ್ಲಿ ವಿದ್ಯುತ್ತು, ಕಾಂತತೆಗಳ ಪಾಠವು ಬಹುಮಟ್ಟಿಗೆ ಸೂತ್ರಗಳ ಬಾಯಿಪಾಠದಲ್ಲಿಯೇ ಮುಗಿದುಹೋಗುತ್ತದೆ.

ರಾಮನಗರ ಸೀಮೆಯಲ್ಲಂತೂ ಈ ಪಾಠದ ಸಾಮಗ್ರಿ ಮನೆಬಾಗಿಲಲ್ಲೇ ಇದೆ. ರಾಮನಗರವು ಹೆಸರಾದುದು ರೇಷ್ಮೆಗೂಡಿಗೆ. ರೇಷ್ಮೆ ಬಟ್ಟೆಯಿಂದ ಗಾಜಿನ ಕಡ್ಡಿಯನ್ನು ಉಜ್ಜಿದರೆ ಧನಾವೇಶ. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೊಡುವ ಅರಗಿನ ಕಡ್ಡಿಯನ್ನು ಉಣ್ಣೆಯಿಂದ ಉಜ್ಜಿದರೆ ಋಣಾವೇಶ. 1733ರ ಸುಮಾರಿಗೆ ಫ್ರಾನ್ಸಿನ ದ್ಯುಫೇ ಎರಡು ಬಗೆಯ ವಿದ್ಯುತ್ತನ್ನು ಗುರುತಿಸಿದಾಗ ಅವರ ಪಟ್ಟಿಯಲ್ಲಿಯೂ ಅರಗು ಇದ್ದಿತು. ಉಜ್ಜಿದ ಅರಗಿನ ಕಡ್ಡಿಯನ್ನು ದಾರದಲ್ಲಿ ತೂಗುಬಿಟ್ಟು, ಉಜ್ಜಿದ ಗಾಜನ್ನು ಸಮೀಪಕ್ಕೆ ತಂದರೆ ಅದು ಬಳಿಗೆ ಬರುತ್ತದೆ; ಇನ್ನೊಂದು ಅರಗಿನ ಕಡ್ಡಿಯನ್ನು ತಂದರೆ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಪ್ರಯೋಗ ಕೈಕೊಡುವುದುಂಟು. ತೇವವಿದ್ದಲ್ಲಿ ಆವೇಶವು ಸೋರಿಹೋಗುತ್ತದೆ. ಶಿವರಾತ್ರಿಯ ಹೊತ್ತಿನ ಒಣಹವೆ ಪ್ರಶಸ್ತ.

ತಾಮ್ರದ ಸುರುಳಿಯೊಳಗೆ ಆಯಸ್ಕಾಂತವನ್ನು ನೂಕಿದರೆ ಗ್ಯಾಲ್ವನೋಮೀಟರಿನ ಮುಳ್ಳು ಅಲುಗುತ್ತದೆ. ಆಯಸ್ಕಾಂತ ನಿಂತೊಡನೆ ಮುಳ್ಳೂ ಶೂನ್ಯಕ್ಕೆ ಮರಳುತ್ತದೆ. 1831ರಲ್ಲಿ ಫ್ಯಾರಡೆ ಕಂಡದ್ದು ಇದನ್ನೇ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿತು. ಅಂದು ಕಾನಕಾನಹಳ್ಳಿಯೆನಿಸಿದ್ದ ಕನಕಪುರದ ಮಾರ್ಗವಾಗಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ತತ್ತ್ವ ಅದೇ. ಮಾಗಡಿಯ ತೋಟದ ಪಂಪಿನಲ್ಲಿ ವಿದ್ಯುತ್ತು ಮತ್ತೆ ಚಲನೆಯಾಗುತ್ತದೆ.

ತೇವದಲ್ಲಿ ಆವೇಶ ಸೋರುವುದನ್ನು ಕಣ್ಣಾರೆ ಕಂಡ ಬಾಲಕಿಯು, ಒದ್ದೆ ಕೈಯಿಂದ ಪಂಪಿನ ಸ್ವಿಚ್ಚನ್ನು ಏಕೆ ಮುಟ್ಟಬಾರದೆಂಬುದನ್ನು ತಂದೆಗೆ ತಾನೇ ವಿವರಿಸಬಲ್ಲಳು. ಅವಳ ಮುಂದಿನ ಪ್ರಯೋಗಗಳಿಗೆ ಟಾರ್ಚಿನ 1.5 ವೋಲ್ಟಿನ ಸೆಲ್ಲುಗಳೇ ಸಾಕು. ಮನೆಯ ಪ್ಲಗ್ಗಿನ ಗೊಡವೆ ಬೇಡ.