ಬ್ಲಾಕ್ ಮಾಡಿದರೆ ಸಾಲದು, 1909ಕ್ಕೆ ದೂರು ಕೊಡಿ

ಸಾಲ ಬೇಕಾ, ಸೈಟು ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ ಎಂದು ಬರುವ ಕರೆಗಳು ಎರಡು ಬಗೆಯವು. ಒಂದು, ಟೆಲಿಕಾಂ ಕಂಪನಿಗಳಲ್ಲಿ ನೋಂದಾಯಿಸಿಕೊಂಡವರದು. ಇವರ ಜಾಹೀರಾತು ಕರೆ 140ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕು. ಇನ್ನೊಂದು, ನಿಮ್ಮ ನಮ್ಮಂತೆ ಹತ್ತಂಕಿಯ ಸಿಮ್ ಇಟ್ಟುಕೊಂಡು ಕದ್ದು ವ್ಯಾಪಾರ ಮಾಡುವವರದು. ಮೊದಲನೆಯವರ ಬಾಯಿ ಮುಚ್ಚಿಸುವುದು ಸುಲಭ. ತಲೆನೋವು ಎರಡನೆಯವರದೇ.

ಸುಲಭದ್ದನ್ನು ಮೊದಲು ಮುಗಿಸೋಣ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಎಲ್ಲ ಮೊಬೈಲ್ ಕಂಪನಿಗಳಿಗೂ 1909 ಒಂದೇ ನಂಬರು, ಉಚಿತ. ಇಂಗ್ಲಿಷ್ ಅಕ್ಷರಗಳಲ್ಲಿ ಸ್ಟಾರ್ಟ್ ಎಂದು ಬರೆದು, ಜಾಗ ಬಿಟ್ಟು, ಸೊನ್ನೆ ಹಾಕಿ ಆ ನಂಬರಿಗೆ ಎಸ್ಸೆಮ್ಮೆಸ್ ಕಳಿಸಿದರೆ ಡಿಎನ್‌ಡಿ, ಅಂದರೆ ಜಾಹೀರಾತು ಕರೆ-ಸಂದೇಶ ಬೇಡವೆಂಬ ನೋಂದಣಿ, ಪೂರ್ತಿ ಜಾರಿಯಾಗುತ್ತದೆ. ಸೊನ್ನೆಯ ಬದಲು 1 ಹಾಕಿದರೆ ಬ್ಯಾಂಕು-ವಿಮೆಯ ಜಾಹೀರಾತು ಮಾತ್ರ ನಿಲ್ಲುತ್ತದೆ, 2 ಹಾಕಿದರೆ ರಿಯಲ್ ಎಸ್ಟೇಟಿನದು. ಮನೆಯ ಲ್ಯಾಂಡ್‌ಲೈನಿಗಾದರೆ ಅದರಿಂದಲೇ 1909ಕ್ಕೆ ಕರೆ ಮಾಡಬಹುದು. ಓಟಿಪಿ ನಿಂತುಹೋದೀತೆಂದು ಹಲವರು ಹೆದರುತ್ತಾರೆ. ನಿಲ್ಲುವುದಿಲ್ಲ, ಅದು ಜಾಹೀರಾತಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಡಿಎನ್‌ಡಿ ಹಾಕಿದ ಮೇಲೂ ಫೋನು ಬರುತ್ತಿದ್ದರೆ ಎಲ್ಲೋ ನೀವೇ ಒಪ್ಪಿಗೆ ಕೊಟ್ಟಿರಬಹುದು. ಮಾಲಿನ ಲಕ್ಕಿ ಡ್ರಾ ಚೀಟಿ, ಸಾಲದ ಆ್ಯಪ್‌ನಲ್ಲಿ ಓದದೆ ಒತ್ತಿದ 'ಒಪ್ಪಿದ್ದೇನೆ', ಇವೆಲ್ಲ ಒಪ್ಪಿಗೆಯ ಬಾಗಿಲುಗಳೇ. ಬಿಲ್ ಹಾಕುವಾಗ ಅಂಗಡಿಯವರು ನಂಬರ್ ಕೇಳಿದರೆ ಕೊಡಲೇಬೇಕೆಂದಿಲ್ಲ. ಹಾಗೆ ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ಸೂಚಿಸಿದೆ. 'ನಂಬರ್ ಇಲ್ಲದೆ ಬಿಲ್ ಮಾಡಿ' ಎನ್ನಲು ಸಂಕೋಚ ಯಾಕೆ?

ಇನ್ನು ಹತ್ತಂಕಿಯ ನಂಬರಿನವರು. ಇವರು ಡಿಎನ್‌ಡಿ ಪಟ್ಟಿಯನ್ನು ನೋಡುವ ಗೋಜಿಗೇ ಹೋಗುವುದಿಲ್ಲ. ನಾವು ಬ್ಲಾಕ್ ಮಾಡಿದರೆ ನಾಳೆ ಬೇರೆ ಸಿಮ್ಮಿನಿಂದ ಮಾಡುತ್ತಾರೆ. ಟ್ರೂಕಾಲರ್‌ನಲ್ಲಿ ಸ್ಪ್ಯಾಮ್ ಎಂದು ಗುರುತು ಹಾಕಿದರೆ ಅದು ದೂರು ಎನಿಸುವುದಿಲ್ಲ. ಅವರಿಗೆ ಪೆಟ್ಟು ಬೀಳುವುದು ದೂರಿನಿಂದಲೇ. ಕರೆ ಬಂದ ನಂಬರು, ದಿನಾಂಕ, ಏನು ಮಾರಲು ಬಂದರು ಎಂಬುದನ್ನು 1909ಕ್ಕೆ ಕರೆ ಮಾಡಿ ಹೇಳಿ, ಅಥವಾ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ತುಂಬಿ. ಟ್ರಾಯ್ ನಿಯಮಕ್ಕೆ 2025ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ ಈ ಕೆಲಸವನ್ನು ಬಹಳ ಹಗುರ ಮಾಡಿದೆ. ಮೊದಲು 3 ದಿನದೊಳಗೆ ದೂರಬೇಕಿತ್ತು, ಈಗ 7 ದಿನ ಅವಕಾಶವಿದೆ. ಡಿಎನ್‌ಡಿ ಹಾಕಿಸದವರೂ ದೂರಬಹುದು. ಒಬ್ಬನ ಮೇಲೆ 10 ದಿನಗಳಲ್ಲಿ 5 ದೂರು ಬಂದರೆ ಕಂಪನಿ ಕ್ರಮಕ್ಕೆ ಇಳಿಯಬೇಕು: ಮೊದಲ ತಪ್ಪಿಗೆ 15 ದಿನ ಹೊರಕರೆ ಬಂದ್, ಮತ್ತೆ ಮಾಡಿದರೆ ಎಲ್ಲ ಸಂಪರ್ಕವೂ ಒಂದು ವರ್ಷ ಕಡಿತ. ಐದೇ ಐದು ದೂರು! ಒಂದು ಅಪಾರ್ಟ್‌ಮೆಂಟಿನವರು ಮನಸ್ಸು ಮಾಡಿದರೆ ಒಂದು ಸಂಜೆಯ ಕೆಲಸ.

ಕೆವೈಸಿ ಅವಧಿ ಮುಗಿದಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಎನ್ನುವ ಕರೆ ಮಾತ್ರ ಮಾರಾಟವಲ್ಲ, ಮೋಸ. ಅದನ್ನು ಕೇಂದ್ರ ಸರ್ಕಾರದ ಸಂಚಾರ ಸಾಥಿ ಪೋರ್ಟಲ್‌ನ 'ಚಕ್ಷು' ವಿಭಾಗದಲ್ಲಿ ತಿಳಿಸಿ. ಹಣ ಹೋಗಿದ್ದರೆ ಒಂದು ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.