ತಪ್ಪು ಲೆಕ್ಕದ ನಲವತ್ತಾರು ಶಿಖರಗಳು

ಕೂಕ್ಸಕ್ರಾಗ ಎಂಬ ಬೆಟ್ಟ ಹತ್ತುವವರಿಗೆ ಮೊದಲು ಎದುರಾಗುವುದು ಒಂದು ಜವುಗು. ಕಪ್ಪು ಕೆಸರು, ಅದರ ಮೇಲೆ ಯಾರೋ ಅಡ್ಡ ಎಳೆದುಹಾಕಿದ ಕೊಳೆತ ದಿಮ್ಮಿ. ಕಾಲಿಟ್ಟ ಜಾಗ ಗಟ್ಟಿಯೋ ಪೊಳ್ಳೋ ಎಂಬುದು ಕಾಲಿಟ್ಟ ಮೇಲೆಯೇ ಗೊತ್ತಾಗುವುದು. ಒಂದು ಹೆಜ್ಜೆ ತಪ್ಪಿದರೆ ಮೊಳಕಾಲುದ್ದ ಒಳಗೆ. ಇಷ್ಟೆಲ್ಲ ಪಟ್ಟು ತುದಿ ಮುಟ್ಟಿದರೆ ಹೇಳಿಕೊಳ್ಳುವಂಥ ನೋಟವೂ ಇಲ್ಲ. ಎತ್ತರ 3,820 ಅಡಿ. ಆದರೆ ಜನ ಇದನ್ನು ಹತ್ತುವುದು ‘ನಾಲ್ಕು ಸಾವಿರ ಅಡಿ ಮೀರಿದ ಶಿಖರಗಳ’ ಪಟ್ಟಿಯಲ್ಲಿ ಇದೆ ಎಂಬ ಒಂದೇ ಕಾರಣಕ್ಕೆ.

ಈ ಪಟ್ಟಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಅಡಿರಾಂಡಾಕ್ ಬೆಟ್ಟಗಳದ್ದು. ಒಟ್ಟು 46 ಶಿಖರ. ಎಲ್ಲವನ್ನೂ ಹತ್ತಿ ಮುಗಿಸಿದವರು ‘ಫಾರ್ಟಿ-ಸಿಕ್ಸರ್’. ಎತ್ತರದ ಮಾತಿಗೆ ಬಂದರೆ ನಾವು ಬೀಗಬಹುದು: ಅಲ್ಲಿನ ಅತಿ ಎತ್ತರದ ಮಾರ್ಸಿ ಶಿಖರ 5,344 ಅಡಿ, ನಮ್ಮ ಕುಮಾರ ಪರ್ವತಕ್ಕಿಂತ ಗಿಡ್ಡ. ಆದರೆ ಈ ಪಟ್ಟಿಯ ಸ್ವಾರಸ್ಯ ಎತ್ತರದಲ್ಲಿಲ್ಲ, ಅದು ಹುಟ್ಟಿದ ಮನೆಯಲ್ಲಿದೆ.

ಹತ್ತೊಂಬತ್ತನೇ ಶತಮಾನದಲ್ಲಿ ಮರದ ವ್ಯಾಪಾರಿಗಳು ಈ ಕಾಡನ್ನು ಬೋಳಿಸತೊಡಗಿದಾಗ ನ್ಯೂಯಾರ್ಕಿನವರಿಗೆ ಹುಟ್ಟಿದ ಭಯ ನೀರಿನದು. ಹಡ್ಸನ್ ನದಿ ಹುಟ್ಟುವುದೇ ಇಲ್ಲಿ. ಕಾಡು ಹೋದರೆ ನದಿ, ಕಾಲುವೆ, ದೋಣಿ ಸಾಗಾಟ ಎಲ್ಲಕ್ಕೂ ಪೆಟ್ಟು. 1885ರಲ್ಲಿ ರಾಜ್ಯದ ಕೈಲಿದ್ದ ಕಾಡನ್ನು ಮೀಸಲಿಟ್ಟರು. ಕಾನೂನನ್ನು ಯಾವಾಗ ಬೇಕಾದರೂ ತಿದ್ದಬಹುದಲ್ಲ ಎಂಬ ಅನುಮಾನದಿಂದ 1894ರಲ್ಲಿ ಅದನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು: ಈ ಭೂಮಿ ಎಂದೆಂದಿಗೂ ಕಾಡಾಗಿಯೇ ಇರಬೇಕು, ಇಲ್ಲಿನ ಮರ ಮಾರುವಂತಿಲ್ಲ, ಸಾಗಿಸುವಂತಿಲ್ಲ, ನಾಶಮಾಡುವಂತಿಲ್ಲ. ಆ ಸಂವಿಧಾನ ಸಮಾವೇಶದ ಸದಸ್ಯರಲ್ಲಿ ಲೂಯಿಸ್ ಮಾರ್ಷಲ್ ಎಂಬ ವಕೀಲರಿದ್ದರು. 1915ರಲ್ಲಿ ಈ ವಿಧಿಯನ್ನು ಸಡಿಲಿಸುವ ಮಾತು ಬಂದಾಗ ವಿಧಿಯ ಪರ ನಿಂತು ಕಾಯ್ದವರೂ ಅವರೇ.

ಬೇಸಿಗೆಯಲ್ಲಿ ಮಾರ್ಷಲ್ ಕುಟುಂಬದ ಬಿಡಾರ ಅಡಿರಾಂಡಾಕಿನ ಸರೋವರವೊಂದರ ದಡದಲ್ಲಿ. ಅಪ್ಪ ಕಾಗದದ ಮೇಲೆ ಉಳಿಸಿದ ಕಾಡನ್ನು ಮಕ್ಕಳು ಕಾಲಿನಿಂದ ಅಳೆಯಲು ಹೊರಟರು. 1918ರ ಆಗಸ್ಟ್ 1ರಂದು ಹದಿನೇಳರ ಬಾಬ್, ಹದಿನಾಲ್ಕರ ಜಾರ್ಜ್ ವೈಟ್‌ಫೇಸ್ ಶಿಖರ ಹತ್ತಿದರು. ಜೊತೆಗೆ ಮನೆಯ ಗೈಡ್ ಹರ್ಬರ್ಟ್ ಕ್ಲಾರ್ಕ್. ಐವತ್ತರ ಹತ್ತಿರದ ವಯಸ್ಸು, ದೋಣಿ ಹುಟ್ಟು ಹಾಕಿ ಗಟ್ಟಿಯಾದ ತೋಳು, ನಂಬಲಾಗದ ಕಥೆ ಕಟ್ಟುವುದರಲ್ಲಿ ನಿಸ್ಸೀಮ. ಆಗ ಎಷ್ಟೋ ಬೆಟ್ಟಗಳಿಗೆ ಕಾಲುಹಾದಿಯೇ ಇರಲಿಲ್ಲ. ಮರ ಕಡಿದುಬಿಟ್ಟ ರೆಂಬೆಗಳ ರಾಶಿಯಲ್ಲಿ, ಒತ್ತಾಗಿ ಬೆಳೆದ ಗಿಡ್ಡ ಮರಗಳ ನಡುವೆ ಕ್ಲಾರ್ಕ್ ದಾರಿ ಹುಡುಕುತ್ತ ಮುಂದೆ, ಹುಡುಗರು ಹಿಂದೆ.

ಯಾವುದು ಶಿಖರ, ಯಾವುದು ಬರೀ ಗುಬುಟು? ಹುಡುಗರೇ ಒಂದು ನಿಯಮ ಮಾಡಿಕೊಂಡರು. ಎತ್ತರ ಕನಿಷ್ಠ ನಾಲ್ಕು ಸಾವಿರ ಅಡಿ; ಸುತ್ತಲಿಂದ ಮುನ್ನೂರು ಅಡಿ ಮೇಲೆದ್ದಿರಬೇಕು, ಇಲ್ಲವೇ ಪಕ್ಕದ ಶಿಖರಕ್ಕೆ ಮುಕ್ಕಾಲು ಮೈಲಿ ದೂರವಿರಬೇಕು. ಮೊದಲ ಎಣಿಕೆಯಲ್ಲಿ 42 ಬಂತು. 1922ರಲ್ಲಿ ಬಾಬ್ ಅವುಗಳ ಬಗ್ಗೆ ಒಂದು ಪುಸ್ತಿಕೆ ಬರೆದ. ಆಮೇಲೆ ಇನ್ನೂ ನಾಲ್ಕು ಸೇರಿ, 1925ರಲ್ಲಿ ಎಮನ್ಸ್ ಶಿಖರದ ಮೇಲೆ ಮೂವರ ಲೆಕ್ಕ ಮುಗಿಯಿತು.

ಲೆಕ್ಕವೇನೋ ಮುಗಿಯಿತು, ಆದರೆ ಅದು ತಪ್ಪಾಗಿತ್ತು. ಹುಡುಗರ ಕೈಲಿದ್ದುದು ಹಳೆಯ ನಕ್ಷೆಗಳು. 1950ರ ದಶಕದ ಹೊಸ ಅಳತೆಯಲ್ಲಿ ಕೂಕ್ಸಕ್ರಾಗ, ನೈ, ಕ್ಲಿಫ್, ಬ್ಲೇಕ್ ಈ ನಾಲ್ಕೂ ನಾಲ್ಕು ಸಾವಿರಕ್ಕೆ ಮುಟ್ಟಲಿಲ್ಲ. ಪಟ್ಟಿಯಲ್ಲೇ ಇಲ್ಲದ ಮ್ಯಾಕ್‌ನಾಟನ್ ಮುಟ್ಟಿತು. ಲೆಕ್ಕಾಧಿಕಾರಿಯ ಬುದ್ಧಿಯವರಾಗಿದ್ದರೆ ಅಂದೇ ಪಟ್ಟಿ ತಿದ್ದುತ್ತಿದ್ದರು. ಫಾರ್ಟಿ-ಸಿಕ್ಸರ್‌ಗಳು ತಿದ್ದಲಿಲ್ಲ. ಆ ಮೂವರು ಹತ್ತಿದ್ದು ಯಾವುದೋ ಅದೇ ಪಟ್ಟಿ. ನನಗಂತೂ ಈ ಹಟ ಹಿಡಿಸಿತು. ಕೂಕ್ಸಕ್ರಾಗದ ಕೆಸರಿನಿಂದ ಕಾಲು ಕೀಳುತ್ತಿರುವವರ ಅಭಿಪ್ರಾಯ ಬೇರೆ ಇದ್ದೀತು.

ಮೂವರ ಈ ಆಟವನ್ನು ಊರಿನ ಆಟ ಮಾಡಿದವರು ಟ್ರಾಯ್ ಪಟ್ಟಣದ ಚರ್ಚೊಂದರ ಗುಂಪಿನವರು. ಅವರಲ್ಲಿ ಗ್ರೇಸ್ ಹುಡೊವಾಲ್ಸ್ಕಿ ಮುಖ್ಯ. 1937ರಲ್ಲಿ ಪಟ್ಟಿ ಮುಗಿಸಿದ ಅವರು ಒಂಬತ್ತನೆಯವರು, ಹೆಂಗಸರಲ್ಲಿ ಮೊದಲಿಗರು. 1948ರಲ್ಲಿ ‘ಅಡಿರಾಂಡಾಕ್ ಫಾರ್ಟಿ-ಸಿಕ್ಸರ್ಸ್’ ಸಂಘವಾದ ಮೇಲೆ ದಶಕಗಳ ಕಾಲ ಅದರ ಬರವಣಿಗೆಯ ಕೆಲಸವೆಲ್ಲ ಗ್ರೇಸಮ್ಮನದೇ. ಶಿಖರ ಹತ್ತಿದವರು ದಿನಾಂಕ ಬರೆದು ಕಳಿಸಿದರೆ ಸಾಲದು. ಮಳೆ ಬಂತೇ, ದಾರಿ ತಪ್ಪಿತೇ, ಯಾರು ಜೊತೆಗಿದ್ದರು ಎಂದು ಕಾಗದ ಬರೆಯಬೇಕು. ಬಂದ ಕಾಗದಕ್ಕೆಲ್ಲ ಅವರು ಉತ್ತರ ಬರೆಯುತ್ತಿದ್ದರು. ಸಾವಿರಾರು ಕಾಗದ! ಅಪರಿಚಿತರ ಬೆಟ್ಟದ ವರದಿಗಳನ್ನು ಸೊಸೆಯ ಬಾಣಂತನದ ಸುದ್ದಿಯಷ್ಟು ಅಕ್ಕರೆಯಿಂದ ಓದಿದ ಈ ಹೆಂಗಸು 2004ರಲ್ಲಿ ತೀರಿಕೊಂಡರು. ಈಸ್ಟ್ ಡಿಕ್ಸ್ ಎಂಬ ಶಿಖರ 2014ರಿಂದ ಗ್ರೇಸ್ ಶಿಖರವಾಗಿದೆ.

ಪಟ್ಟಿ ಮುಗಿಸಿದವರ ಸಂಖ್ಯೆ ಈಗ ಹತ್ತು ಸಾವಿರ ದಾಟಿದೆ. ಹಾದಿಯಿಲ್ಲದ ಶಿಖರಗಳ ಮೇಲೆ ಸಂಘದವರು ಹಿಂದೆ ಒಂದೊಂದು ಡಬ್ಬಿ ಕಟ್ಟಿ, ಒಳಗೆ ರುಜು ಹಾಕುವ ಪುಸ್ತಕ ಇಟ್ಟಿದ್ದರು. ಆ ಡಬ್ಬಿ ಹುಡುಕಿಕೊಂಡು ಹೋದವರ ಕಾಲಿಂದಲೇ ಹಾದಿಗಳು ಮೂಡಿದವು, ಕವಲೊಡೆದವು, ಮಳೆಗೆ ಕೊರೆದುಕೊಂಡವು. ಮರ ಕಡಿಯಬಾರದೆಂದು ಬರೆಯುವಾಗ ಬೂಟುಗಳು ಯಾರಿಗೆ ನೆನಪಾಗಿದ್ದವು? ಡಬ್ಬಿಗಳನ್ನು ಕೊನೆಗೆ ತೆಗೆದರು.

ಹೆಚ್ಚು ಪೆಟ್ಟು ಬಿದ್ದದ್ದು ಮರದ ಎಲ್ಲೆ ದಾಟಿದ ತುದಿಗಳಿಗೆ. ಹಿಮಯುಗ ಸರಿದ ಮೇಲೆ ಇಲ್ಲಿ ಉಳಿದುಕೊಂಡ ಅಂಗೈಯೆತ್ತರದ ಗಿಡಗಳು ಚಳಿಗಾಳಿಗೆ ಬಗ್ಗಲಿಲ್ಲ, ಕಾಲ್ತುಳಿತಕ್ಕೆ ಸತ್ತವು. ಬೇರು ಸತ್ತಲ್ಲಿ ಮಣ್ಣು ಕೊಚ್ಚಿಹೋಗಿ ಬರೀ ಬಂಡೆ ಉಳಿಯಿತು. ಬಾಬ್ ಓದಿದ್ದ ಸಿರಾಕ್ಯೂಸಿನ ಅರಣ್ಯ ಕಾಲೇಜಿನಲ್ಲೇ ಪಾಠ ಮಾಡುತ್ತಿದ್ದ ಎಡ್ವಿನ್ ಕೆಚ್ಲೆಜ್, ತಾವೂ ಫಾರ್ಟಿ-ಸಿಕ್ಸರ್ ಆಗಿದ್ದವರು, 1960ರ ದಶಕದಲ್ಲಿ ಒಂದು ಪ್ರಯೋಗ ಹೂಡಿದರು. ಬೋಳಾದ ಜಾಗಕ್ಕೆ ಮಾಮೂಲಿ ಹುಲ್ಲಿನ ಬೀಜ, ಗೊಬ್ಬರ. ಹುಲ್ಲು ಮಣ್ಣು ಹಿಡಿದರೆ ಪಾಚಿ ಬಂದೀತು, ಪಾಚಿಯ ಹಿಂದೆ ಮೂಲದ ಗಿಡಗಳು. ಬಂದವು. ಬೀಜದ ಚೀಲ ಹೊರಲು ಆಳು ಬೇಕಿತ್ತಲ್ಲ, ಪಟ್ಟಿ ಮುಗಿಸಿದವರು ಹೊತ್ತರು.

1989ರ ಹೊತ್ತಿಗೆ ತುದಿಗಳಲ್ಲಿ ಕಾವಲಿನವರನ್ನು ನಿಲ್ಲಿಸುವ ಏರ್ಪಾಡೂ ಆಯಿತು. ಅವರ ಬಳಿ ಲಾಠಿಯಿಲ್ಲ, ದಂಡದ ರಸೀದಿಯಿಲ್ಲ. ಬಂದವರಿಗೆ ಗಿಡ ತೋರಿಸಿ, ಬಂಡೆಯ ಮೇಲೆಯೇ ನಡೆಯಿರಿ ಎನ್ನುತ್ತಾರೆ. ಗಿಡವಿರುವ ಅಂಚಿಗೆ ಕಲ್ಲು ಜೋಡಿಸಬೇಕು. ತುದಿಯಲ್ಲಿ ಅಷ್ಟು ಕಲ್ಲು ಎಲ್ಲಿಂದ ಬರಬೇಕು? ಹಾದಿಯ ಬುಡದಲ್ಲಿ ರಾಶಿ ಹಾಕಿಟ್ಟಿರುತ್ತಾರೆ. ಹತ್ತಲು ಬಂದವರು ಬೂಟಿನ ದಾರ ಬಿಗಿದು, ನೀರು, ಬ್ರೆಡ್ಡು ತುಂಬಿದ ಚೀಲಕ್ಕೆ ಒಂದು ಕಲ್ಲನ್ನೂ ಹಾಕಿಕೊಂಡು ಹೊರಡುತ್ತಾರೆ.